ಗಾಳ, ಗಳ ಮತ್ತು ಅತ್ತೆಯ ಸೀರೆ

ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ಗಂಡನ ಬಗ್ಗೆ ಗಾಬರಿಯಾಗುವಂಥದ್ದು ಇನ್ನೇನೂ ಉಳಿದಿಲ್ಲ ಎಂದು ಹೆಂಗಸರು ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಆಮೇಲೆ ನಮ್ಮವರು ಫೈಬರ್‌ಗ್ಲಾಸಿನ ಫ್ಲೈ ರಾಡುಗಳನ್ನು ಕೂಡಿಹಾಕತೊಡಗಿದರು. ಕಾನ್ವೆಂಟಿನಲ್ಲಿ ಓದಿದ ನನಗೆ ಫ್ಲೈ ಅಂದರೆ ನೊಣ ಎಂದು ಚೆನ್ನಾಗಿ ಗೊತ್ತು. ನಮ್ಮ ಜಮಖಂಡಿ ಕಬ್ಬು ಬೆಲ್ಲದ ಸೀಮೆ, ನೊಣ ಹೊಡೆಯುವ ಕೋಲಿರಬೇಕು ಎಂದು ಸುಮ್ಮನಿದ್ದೆ. ಏಳನೆಯದು ಬಂದಾಗ ಕೇಳಿಯೇಬಿಟ್ಟೆ. "ನೊಣ ಹೊಡ್ಯಾಕಲ್ಲ. ನೊಣದಂಥ ಗಾಳ ಎಸದು ಮೀನ ಹಿಡ್ಯಾಕ," ಅಂದರು. ಅಡುಗೆಮನೆಗೆ ಮೊಟ್ಟೆಯೂ ಬಾರದ, ಲಿಂಗಪೂಜೆಯಾಗದೆ ಯಾರೂ ತುತ್ತು ಮುಟ್ಟದ ಮನೆ ನಮ್ಮದು. ನಾನು ಕೈಯಲ್ಲಿದ್ದ ಹಿಟ್ಟಿನ ಪರಾತ ಕೆಳಗಿಟ್ಟು ಅಲ್ಲೇ ಕೂತೆ.

"ತಿನ್ನೂದಿಲ್ಲ ಬಿಡು, ಹಿಡದು ಮತ್ತ ಹೊಳ್ಯಾಗ ಬಿಡತೇನಿ," ಅಂದರು. ನಂಬದೆ ಒಂದು ರವಿವಾರ ತುಬಚಿ ಕಡೆ ಕೃಷ್ಣೆಯ ದಂಡೆಗೆ ಜೊತೆಗೇ ಹೋದೆ. ಮೊಣಕಾಲುದ್ದ ನೀರಿನಲ್ಲಿ ನಿಂತು, ಸಿಕ್ಕ ಮೀನನ್ನು ಒದ್ದೆ ಅಂಗೈಯಲ್ಲಿ ಹಿಡಿದು, ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಮಾಡಿಕೊಂಡು ಬಿಟ್ಟುಕೊಟ್ಟರು. ನನ್ನನ್ನು ಅವರು ಒಮ್ಮೆಯೂ ಹಾಗೆ ನೋಡಿದ್ದು ನೆನಪಿಲ್ಲ. ಕಾರ್ಬನ್ ರಾಡು ಬಲು ಬಿರುಸಂತೆ. ಗ್ಲಾಸಿನದು ನಿಧಾನಕ್ಕೆ ಬಾಗುತ್ತದಂತೆ.

ಮೊದಲ ಪಾರ್ಸಲ್ ಬಂದ ದಿನ ಅತ್ತೆ, "ಏನಲೇ ಇದು?" ಎಂದು ಕೇಳಿದ್ದರು. ಸುಳ್ಳು ಹೇಳಲಾರದ ಮಗ, "ಗಾಳ ಬೇ," ಅಂದಿದ್ದರು. ಕಿವಿ ತುಸು ಮಂದವಾದ ಅತ್ತೆಗೆ ಕೇಳಿಸಿದ್ದು ಗಳ, ಬಟ್ಟೆ ಒಣಹಾಕುವ ಕೋಲು. ಮಗ ಕೊನೆಗೂ ಮನೆಗೆ ಉಪಯೋಗದ್ದೊಂದು ತಂದನೆಂದು ಅವರಿಗೆ ಸಮಾಧಾನ. ಇದೆಲ್ಲ ನನಗೆ ತಿಳಿದದ್ದು ಹೋದ ಸೋಮವಾರ, ಹಿತ್ತಲಿಗೆ ಹೋದಾಗ. ಹಿಂದಿನ ದಿನವಷ್ಟೇ ಮೀನು ಹಿಡಿದಿದ್ದ ಜೇನುಬಣ್ಣದ ರಾಡು ಎರಡು ಕಿಟಕಿಗಳ ನಡುವೆ ಅಡ್ಡ ಕೂತಿತ್ತು. ಅದರ ಮೇಲೆ ಅತ್ತೆಯ ಪೂಜೆಯ ಸೀರೆ ನೀರಿಳಿಸುತ್ತ ತೂಗುತ್ತಿತ್ತು.

"ಛಲೋ ಗಳ ತಂದಾನವ್ವ," ಅಂದರು ಅತ್ತೆ. "ತುಕ್ಕ ಹಿಡ್ಯೂದಿಲ್ಲ. ಶ್ರಾವಣ ಪೂರ್ತಿ ಇದರ ಮ್ಯಾಲೇ ಒಣಾ ಹಾಕೇನಿ. ಮುಧೋಳದಾಗ ನನ್ನ ತಂಗಿಗೂ ಒಂದು ತರಸಾಕ ಹೇಳು."

ಶ್ರಾವಣ ಪೂರ್ತಿ. ಒಮ್ಮೆ ಯಾರೋ ನೆಂಟರು ಪಡಸಾಲೆಯಲ್ಲಿ ಆಮ್ಲೆಟ್ಟಿನ ಪೊಟ್ಟಣ ಬಿಚ್ಚಿದ್ದಕ್ಕೆ ಮೂರು ದಿನ ಬರೀ ಚುರಮುರಿ, ಬಾಳೆಹಣ್ಣು ತಿಂದಿದ್ದ ಜೀವ ಇದು. ಹೇಳಿದರೆ ಮಗನ ಮನೆಯ ಅನ್ನವನ್ನೇ ಬಿಟ್ಟಾರು. ಹೇಳದಿದ್ದರೆ ನಾಳೆಯೂ ಅದೇ ಸೀರೆ ಉಟ್ಟು ಪೂಜೆಗೆ ಕೂರುತ್ತಾರೆ. ಎರಡು ದಿನ ನುಂಗಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ಕಿವಿಯ ಹತ್ತಿರ ಹೋಗಿ ಹೇಳಿದೆ: "ಅತ್ತಿ, ಅದು ಗಳ ಅಲ್ಲರಿ. ಗಾಳ. ಮೀನಿಂದು."

ಸೀರೆಯ ಮೇಲಿದ್ದ ಕೈ ಅಲ್ಲೇ ನಿಂತಿತು. "ತಿಂತಾನೇನು?"

"ಇಲ್ಲರಿ. ಹಿಡದು ಬಿಡತಾರ."

"ಬಿಡಾವ ಹಿಡ್ಯೂದ್ಯಾಕ?"

ಅತ್ತೆ ಸೀರೆಯನ್ನು ಎಳೆದು ಬಕೆಟ್ಟಿಗೆ ಹಾಕಿದರು. ಚುರಮುರಿಯ ಮಾತು ಈಗ ಬಂತು, ಈಗ ಬಂತು ಎಂದು ನಿಂತಿದ್ದೆ. ಅವರು ರಾಡನ್ನೇ ನೋಡುತ್ತ, "ಇಂಥಾ ಗಳ ಮತ್ತ ಸಿಗೂದಿಲ್ಲ," ಅಂದರು. "ಅವನ ಕಡೆ ಮೀನ ಮುಟ್ಟದ್ದು ಒಂದೂ ಇಲ್ಲೇನು?"

ಇತ್ತು. ಕಪಾಟಿನ ಮೇಲೆ, ಬಟ್ಟೆಯ ಚೀಲದಲ್ಲಿ. ಮೂರು ವರ್ಷ ಹುಡುಕಿ ತರಿಸಿದ್ದು, ಮಾಡುವವರೇ ಈಗ ಇಲ್ಲವಂತೆ. ನೀರಿಗೆ ಒಮ್ಮೆಯೂ ಇಳಿಸದೆ, ಆಗಾಗ ಬಿಚ್ಚಿ ನೋಡಿ ಮತ್ತೆ ಕಟ್ಟಿಡುತ್ತಿದ್ದರು. ಅತ್ತೆ ಉಪವಾಸ ಬೀಳದಿದ್ದರೆ ಸಾಕೆಂದು ನನ್ನ ಕೈ ತಾನಾಗಿ ಮೇಲೆ ಹೋಗಿ ಚೀಲ ಇಳಿಸಿತು.

ಸಂಜೆ ನಮ್ಮವರು ಹಿತ್ತಲಲ್ಲಿ ಒದ್ದೆ ಸೀರೆಯ ಅಂಚು ಎತ್ತಿ ಕೆಳಗಿದ್ದ ರಾಡು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಇದು ಮೀನ ಮುಟ್ಟಿಲ್ಲಂತ ಅವ್ವ ಅಂತಾಳ. ಆಕಿಗೆ ಹ್ಯಾಂಗ ಗೊತ್ತಾತು?"

ನಾನು ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತೆ. ಒಂದು ವಾರಕ್ಕಾಗುವಷ್ಟು ಬಡಿದೆ, ಯಾರ ಮಾತೂ ಕೇಳಿಸದಷ್ಟು ಜೋರಾಗಿ.