ಮುತ್ತವ್ವನ ಅರ್ಧಾಯುಷ್ಯ

ಪ್ರಭು: ಆ ಪುಡಿ ಇಲ್ಲಿ ಕೊಡ ಅಂದ್ನೆಲ್ಲ! ಹೊಟ್ಟಿ ನಗಾರಿ ಆಗೇತಿ.

ಮಹಾನಂದಾ: ಕೊಡಂಗಿಲ್ರಿ. ಮನ್ಯಾಗ ಉಳದದ್ದು ಇಷ್ಟ ಸೋಡಾಪುಡಿ. ನಂದಿನ್ನೂ ಒಂದ ಪ್ರಯೋಗ ಬಾಕಿ ಐತಿ.

ಕಮತಗಿಯ ಆ ಅಡುಗೆಮನೆಯ ಕಟ್ಟೆಯ ಮೇಲೆ ಲೋಟಗಳು ಸಾಲಾಗಿ ನಿಂತಿದ್ದವು. ಮದುವೆಗೆ ಮೊದಲು ಪಿಯುಸಿ ರಸಾಯನಶಾಸ್ತ್ರದಲ್ಲಿ ನಪಾಸಾಗಿದ್ದ ಮಹಾನಂದಾ ನಾಳೆ ಬಾಗಲಕೋಟೆಗೆ ಹೋಗಿ ಮತ್ತೆ ಪರೀಕ್ಷೆ ಬರೆಯುವವಳು. ಗಂಡ ಪ್ರಭು ಈಗಷ್ಟೇ ಬುಟ್ಟಿಗಟ್ಟಲೆ ಮಿರ್ಚಿ ಭಜಿ ತಿಂದು ಬಂದವನು.

ಪ್ರಭು: ಲಾಡಬಿ ಅಂಗಡ್ಯಾಗ ಇನ್ನೊಂದ ಪುಡಿ ತಂದ್ರಾತಲ್ಲ?

ಮಹಾನಂದಾ: ಲಾಡಬಿ ಮದುವಿಗಂತ ಇಳಕಲ್ಲಿಗೆ ಹೋಗ್ಯಾಳ. ಅಂಗಡಿಗೆ ಕೀಲಿ ಐತಿ.

ಪ್ರಭು: ಹಂಗಾರ ನಿನ್ನ ಪ್ರಯೋಗ ನಾಳೆ ಮಾಡ.

ಮಹಾನಂದಾ: ನಾಳೆ ಪರೀಕ್ಷಾರೀ! ಲಿಂಬಿ ರಸ ದುಪ್ಪಟ್ಟು ಹಾಕಿದ್ರ ಗುಳ್ಳಿ ಏಳೂ ವೇಗಾನೂ ದುಪ್ಪಟ್ಟು ಆಗತೈತೇನಂತ ನೋಡಬೇಕು. ಆದ್ರ ಪ್ರಥಮ ದರ್ಜೆ. ವೇಗ ಇದ್ದಷ್ಟ ಇದ್ರ ಶೂನ್ಯ ದರ್ಜೆ. ಇದಕ್ಕ ವೇಗ ನಿಯಮ ಅಂತಾರ.

ಪ್ರಭು: ವೇಗದ ನಿಯಮ ಹುನಗುಂದ ರೋಡಿನ ಬೋರ್ಡಿನ ಮ್ಯಾಲ ಇರಲಿ. ನನ್ನ ಹೊಟ್ಟಿಗ್ಯಾಕ ಬೇಕು?

ಮಹಾನಂದಾ: ತಡೀರಿ, ಒಂದ ಉಪಾಯ ಐತಿ. ಪುಡಿ ನೀವ ಕುಡೀರಿ. ತೇಗು ಬರೂಮಟಾ ನಾ ಗಡಿಯಾರ ನೋಡ್ತೇನಿ. ಪ್ರಯೋಗ ನಿಮ್ಮ ಹೊಟ್ಯಾಗ ಆಗಲಿ.

ಪ್ರಭು: ನಾ ಏನ ಗಾಜಿನ ನಳಿಕಿ ಏನಲೇ?

ಮಹಾನಂದಾ: ಗಾಜಿಗಿಂತ ಚಲೋ. ಒಡಿಯಂಗಿಲ್ಲ. ಕುಡೀರಿ, ಇದರಾಗ ಅರ್ಧಾಯುಷ್ಯಾನೂ ಸಿಗತೈತಿ!

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಮುತ್ತವ್ವನ ಕೈಯಿಂದ ಮೊರ ಜಾರಿತು. ಒಂದೇ ಉಸಿರಿಗೆ ಒಳಗೆ ಬಂದಳು. ಮಗನ ಕೈಯಲ್ಲಿ, ಲಿಂಬೆರಸಕ್ಕೆ ಸೋಡಾಪುಡಿ ಬಿದ್ದು ಬುಸುಬುಸು ನೊರೆ ಉಕ್ಕುವ ಲೋಟ.

ಮುತ್ತವ್ವ: ಏನಂದಿ ಸೊಸಿ? ನನ್ನ ಮಗನ ಆಯುಷ್ಯ ಅರ್ಧಾ ಆಗತೈತಿ?

ಮಹಾನಂದಾ: ಅವರದಲ್ರಿ ಅತ್ತಿ, ಲೋಟದಾಗಿಂದು.

ಮುತ್ತವ್ವ: ಲೋಟದಾಗಿಂದ ಹೊಟ್ಟಿಗೆ ಹೋಗೂದಲ್ಲೇನು!

ಪ್ರಭು: ಯವ್ವಾ, ನನಗ ಆಯುಷ್ಯ ಬ್ಯಾಡ, ತೇಗು ಬಂದ್ರ ಸಾಕು.

ಮುತ್ತವ್ವ: ಹುಚ್ಚಪ್ಯಾಲಿ! ತಾ ಇಲ್ಲಿ. ನಿಂದಿನ್ನೂ ಬಾಳಿ ಬದುಕೂ ವಯಸ್ಸು. ನಂದ ಅರ್ಧಾ ಹೋದ್ರ ಯಾರಿಗೇನ ನಷ್ಟ?

ಯಾರಾದರೂ ಕೈ ಚಾಚುವ ಮೊದಲೇ ಮುತ್ತವ್ವ ಲೋಟ ಕಸಿದು, ಮನೆದೇವರನ್ನು ನೆನೆದು, ಗಟಗಟ ಕುಡಿದುಬಿಟ್ಟಳು. ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಮಗ, ಸೊಸೆ ಗಾಬರಿಯಾಗಿ ನೋಡುತ್ತಿದ್ದಂತೆ ಇಡೀ ಓಣಿಗೆ ಕೇಳುವಂಥ ತೇಗೊಂದು ಬಂತು.

ಮುತ್ತವ್ವ: (ಒಂದು ಕಣ್ಣು ತೆರೆದು) ಹೋತೇನ ಅರ್ಧಾ?

ಮಹಾನಂದಾ: ಏನೂ ಹೋಗಿಲ್ರಿ ಅತ್ತಿ! ಅರ್ಧಾಯುಷ್ಯ ಅಂದ್ರ, ಇದ್ದದ್ದು ಅರ್ಧಾ ಆಗೂ ಟೈಮು. ಪ್ರಥಮ ದರ್ಜೆ ಕ್ರಿಯಾದಾಗ ಅಷ್ಟ ಟೈಮಿಗೆ ಉಳದದ್ದರಾಗ ಮತ್ತರ್ಧಾ. ಆಮ್ಯಾಲ ಅದರಾಗ ಮತ್ತರ್ಧಾ.

ಮುತ್ತವ್ವ: ಕಡೀಕ ಯಾವಾಗ ಮುಗಿತೈತಿ?

ಮಹಾನಂದಾ: ಲೆಕ್ಕದ ಪ್ರಕಾರ ಪೂರ್ತಿ ಮುಗಿಯೂದೇ ಇಲ್ರಿ. ಯಾವಾಗ ನೋಡಿದ್ರೂ ಒಂಚೂರು ಉಳದ ಇರತೈತಿ.

ಮುತ್ತವ್ವ ಗೋಡೆ ಬಿಟ್ಟು ನೆಟ್ಟಗೆ ಕುಳಿತಳು. ಮುಖ ಅರಳಿತು.

ಮುತ್ತವ್ವ: ಕೇಳಿದೇನೋ ಪ್ರಭು? ನಾ ಸಾಯೂದೇ ಇಲ್ಲಂತ! ನಿನ್ನ ಮೊಮ್ಮಕ್ಕಳ ಮನ್ಯಾಗೂ ಅಡಗಿಗೆ ಉಪ್ಪು ಎಷ್ಟಂತ ನಾನ ಹೇಳಾಕಿ!

ಅದನ್ನು ಕೇಳಿದ್ದೇ ತಡ, ಪ್ರಭುವಿನ ಹೊಟ್ಟೆಯೊಳಗೆ ಗುಡುಗಿದಂತಾಗಿ, ಬಾರದೆ ಕಾಡುತ್ತಿದ್ದ ತೇಗು ಉದ್ದಕ್ಕೆ ಹೊರಬಿತ್ತು.

ಮಹಾನಂದಾ: (ಪುಸ್ತಕ ಎದೆಗವುಚಿ, ಅತ್ತೆಯತ್ತ ನೋಡಿ) ವೇಗವರ್ಧಕ ಅಂದ್ರೇನಂತ ಈಗ ತಿಳೀತು ನೋಡ್ರಿ! ತಾ ಏನೂ ಬದಲಾಗೂದಿಲ್ಲ, ಬಾಜೂಕ ಇದ್ದವರ ಕೆಲಸ ಲಗೂ ಮುಗಸತೈತಿ!