ಬಟರ್‌ಬೀನ್ ಬೆನ್ನಿನ ಬೆವರು

ಎಲುಬಿಲ್ಲದ ನಾಲಿಗೆ ಎಂಬುದೊಂದು ಲೋಕದಲ್ಲಿದೆ ಎಂದು ಓಲೀಟಾ ಪ್ರೂಯಿಟ್‌ಗೆ ಮದುವೆಯಾದ ಹೊಸತರಲ್ಲೇ ತಿಳಿದಿತ್ತು (ಅತ್ತೆಯ ಬಾಯಲ್ಲೇ ಒಂದಿತ್ತು). ಕುದುರೆಗೆ ಹಾಕುವ ಜೀನಿನಲ್ಲೂ ಎಲುಬಿಲ್ಲದ್ದು ಇದೆ ಎಂದು ತಿಳಿದದ್ದು ಮಾತ್ರ ಎಪ್ಪತ್ತು ದಾಟಿ, ಗಂಡನನ್ನು ಮಣ್ಣು ಮಾಡಿ, ತಾನೇ ಅತ್ತೆಯಾಗಿ ಬಹಳ ಕಾಲವಾದ ಮೇಲೆ. ಜುಲೈ ತಿಂಗಳ ಒಂದು ಬೆಳಿಗ್ಗೆ, ಬನ್ನಿನಂಥ ಬಿಸಿ ಬಿಸ್ಕತ್ತನ್ನು ಸೀಳಿ ಅದರ ಮೇಲೆ ಬಿಳಿ ಗೊಜ್ಜು ಸುರಿಯುತ್ತಿದ್ದಾಗ, ಸೊಸೆ ಜೋಲಿನ್ ಬಾಯಿಬಿಟ್ಟಳು.

"ಅತ್ತೆ, ಮರ ಇಲ್ಲದ ಜೀನು ಅಂತ ಬಂದಿದೆ. ನಮ್ಮ ಬಟರ್‌ಬೀನ್‌ಗೆ ಅದು ಸರಿಹೋಗ್ಬಹುದು ಅನ್ಸುತ್ತೆ."

ಚಮಚ ನಿಂತಿತು. ಯಾವ ಜೀನನ್ನೇ ಬಿಚ್ಚಿ ನೋಡಿ, ತೊಗಲಿನ ಕೆಳಗೆ ಮರದ ಚೌಕಟ್ಟೊಂದು ಇರುತ್ತದೆ. ನಾವು ಅದನ್ನು 'ಮರ' ಎಂದೇ ಕರೆಯುತ್ತೇವೆ. ಮೈಗೆ ಬೆನ್ನುಮೂಳೆ ಹೇಗೋ ಜೀನಿಗೆ ಅದು ಹಾಗೆ.

"ಮರ ಇಲ್ದೆ ಇದ್ರೆ ಅದು ಜೀನು ಹೇಗಾಗುತ್ತೆ? ದಿಂಬಾಗುತ್ತೆ," ಎಂದಳು ಓಲೀಟಾ.

"ಮೆತ್ತಗಿರುತ್ತೆ ಅತ್ತೆ. ಕುದುರೆ ಬೆನ್ನು ಹೇಗಿದ್ಯೋ ಹಾಗೆ ಬಗ್ಗುತ್ತೆ."

"ಬಗ್ಗೋದೆಲ್ಲ ಒಳ್ಳೇದೇನಲ್ಲ. ನಿನ್ನ ಗಂಡ ಬಗ್ತಾನೆ. ಏನು ಉಪಯೋಗ ಆಯ್ತು?"

ಮಗ ಗಾರ್ಲಂಡ್ ಅದೇ ಮೇಜಿನಲ್ಲಿದ್ದ. ತಟ್ಟೆಯ ಕಡೆಗೆ ಇನ್ನಷ್ಟು ಬಗ್ಗಿದ.

ಓಲೀಟಾಗೆ ಸಿಟ್ಟು ಬರಲು ಕಾರಣಗಳು ಬೇಕಾದಷ್ಟಿದ್ದವು. ಮೊದಲನೆಯ ಕಾರಣ ಬಟರ್‌ಬೀನ್. ಹೆಸರಿಗೆ ತಕ್ಕ ಹಾಗೆ ಬೆಣ್ಣೆಯಲ್ಲಿ ಬೆಂದ ಕಾಳಿನಂತೆ ಉರುಟಾದ, ಹಳದಿ ಮೈಯ, ಗಿಡ್ಡ ಕುದುರೆ. ಜೀನು ಜಾರದಂತೆ ತಡೆದು ಹಿಡಿಯುವ ಹೆಗಲಿನ ಉಬ್ಬು ಎಲ್ಲ ಕುದುರೆಗಳಿಗೂ ಇರುತ್ತದೆ. ಇವನಿಗೆ ದೇವರು ಅದೊಂದನ್ನು ಮರೆತು, ಮಿಕ್ಕ ಮಾಂಸವನ್ನೆಲ್ಲ ಭುಜಕ್ಕೆ ಮೆತ್ತಿ ಕಳಿಸಿದ್ದ. ಬೆನ್ನಿನ ಮೇಲೆ ಇಸ್ಪೀಟು ಆಡಬಹುದು. ಆದರೆ ಅಖಾಡಕ್ಕೆ ಇಳಿದು, ಓಟದಲ್ಲಿ ಸುತ್ತಿ ಬರಲೆಂದು ನಿಲ್ಲಿಸಿದ ಮೂರು ಪೀಪಾಯಿ ಕಂಡನೋ, ಈ ಕುಂಬಳಕಾಯಿ ಗುಂಡಿನಂತೆ ಹಾರುತ್ತಿತ್ತು. ಒಂದೊಂದು ಪೀಪಾಯಿಯನ್ನೂ ಬಾಲ ತಾಗೀತು ಎನ್ನುವಷ್ಟು ಹತ್ತಿರದಲ್ಲಿ ಸುತ್ತಿ, ಒಕ್ಲಹೋಮಾದ ಕೆಂಪು ಧೂಳನ್ನೆಲ್ಲ ನೋಡುವವರ ಬಾಯಿಗೆ ತುಂಬಿ ಹೊರಬರುತ್ತಿತ್ತು.

ಎರಡನೆಯ ಕಾರಣ, ಗಂಡ ಹೊಯ್ಟ್ ಕೊಡಿಸಿದ್ದ ಜೀನು. ಅಂಚಿನ ತುಂಬ ಗುಲಾಬಿ ಹೂವು ಕೊರೆಸಿದ್ದ. ಅದರ ಮೇಲೆ ಕೂತೇ ಓಲೀಟಾ ಪೀಪಾಯಿ ಓಟದಲ್ಲಿ ಗೆಲ್ಲುತ್ತ, ಸೋಲುತ್ತ, ಸೋತಾಗ ಜಗಳವಾಡುತ್ತ ಮುದುಕಿಯಾದಳು. ಬಟರ್‌ಬೀನ್‌ಗಿಂತ ಮುಂಚೆ ಇದ್ದ ಹೆಣ್ಣು ಕುದುರೆಗೆ ಅದು ಚರ್ಮಕ್ಕೆ ಚರ್ಮ ಕೂಡಿದ ಹಾಗಿತ್ತು. ಬಟರ್‌ಬೀನ್ ಮೇಲೆ ಇಟ್ಟರೆ ಕಲ್ಲಂಗಡಿಯ ಮೇಲೆ ಕುರ್ಚಿ ಇಟ್ಟ ಹಾಗೆ. ಓಡಿ ಬಂದ ಮೇಲೆ ಅವನ ಬೆನ್ನಿಗೆ ಬೆರಳು ಸೋಕಿದರೆ ಸಾಕು, ನೆಲಕ್ಕೆ ಕುಸಿಯುತ್ತಿದ್ದ. ಹೊಟ್ಟೆಪಟ್ಟಿ ಬಿಗಿಯಲು ಹೋದರೆ ತೋಳು ಕಚ್ಚುತ್ತಿದ್ದ.

ಮೂರನೆಯ ಕಾರಣ, ಗಾರ್ಲಂಡ್. ಬಗ್ಗುವವನು ಒಂದೇ ಒಂದು ವಿಷಯದಲ್ಲಿ ನೆಟ್ಟಗೆ ನಿಂತಿದ್ದ.

"ಸೆಪ್ಟೆಂಬರ್ ಮೇಳದೊಳಗೆ ಇವನ ಬೆನ್ನು ನೋವು ಹೋಗ್ಬೇಕು ಅಮ್ಮ. ಇಲ್ಲಾಂದ್ರೆ ಹುಲ್ಲುಗಾವಲಿಗೆ ಬಿಟ್ಬಿಡ್ತೀನಿ. ನೀನೂ ಇಳ್ಕೊ. ಸಾಕು."

ಇಳಿದುಕೊಂಡು ಎಲ್ಲಿಗೆ ಹೋಗುವುದು? ಕೌಂಟಿ ಮೇಳದಲ್ಲಿ ನರೆತ ಹೆಂಗಸರದೇ ಒಂದು ಓಟವಿದೆ. ಅದರಲ್ಲಿ ಓಡದ ಹೆಂಗಸರು ತಗಡಿನ ಚಪ್ಪರದ ಕೆಳಗೆ ಬೀಸಣಿಗೆ ಬೀಸುತ್ತ, ಯಾರ ಮಾತ್ರೆ ಯಾವ ಬಣ್ಣ ಎಂದು ಹೋಲಿಸುತ್ತ ಕೂರುತ್ತಾರೆ. ಆ ಬೆಂಚಿನ ಮೇಲೆ ತನಗೊಂದು ಜಾಗ ಕಾಯ್ದಿಟ್ಟಿದ್ದಾರೆ ಎಂಬುದು ಓಲೀಟಾಗೆ ಗೊತ್ತಿತ್ತು. ಅದಕ್ಕಿಂತ ಹೊಯ್ಟ್‌ನ ಪಕ್ಕದ ಆರಡಿ ಜಾಗವೇ ಮೇಲು ಎಂದುಕೊಂಡಿದ್ದಳು.

ಹೀಗಾಗಿ ಆ ಬೇಸಿಗೆಯೆಲ್ಲ ಬಟರ್‌ಬೀನ್‌ಗೆ ಜೀನು ನೋಡುವುದರಲ್ಲೇ ಕಳೆದಿತ್ತು, ಮನೆ ಮಗಳಿಗೆ ಗಂಡು ನೋಡಿದ ಹಾಗೆ. ಪಕ್ಕದ ಹೊಲದವರದು ಬಂತು: ಭುಜ ಕೂಡಿತು, ನಡು ಕೂಡಲಿಲ್ಲ. ಪಾದ್ರಿಯ ಹೆಂಡತಿಯದು ಬಂತು: ನೋಡಲು ಲಕ್ಷಣ, ಹಿಂದಿನಿಂದ ಚುಚ್ಚುವ ಸ್ವಭಾವ. (ಯಾರ ಮಾತು ಎನ್ನುತ್ತೀರಿ? ಜೀನಿನ ಮಾತು.) ಒಂದು ನಡುವೆ ತಾಗದೆ ಬೆನ್ನಿನ ಮೇಲೆ ಸೇತುವೆ ಕಟ್ಟಿತು, ಇನ್ನೊಂದು ತೊಟ್ಟಿಲಿನಂತೆ ತೂಗಿತು. ಬಂದ ವರಗಳನ್ನೆಲ್ಲ ಬಟರ್‌ಬೀನ್ ಕಿವಿ ಹಿಂದಕ್ಕೆ ಮಡಚಿ ತಿರಸ್ಕರಿಸಿದ.

ಕೂಡಿತೋ ಇಲ್ಲವೋ ಎಂದು ತಿಳಿಯುವುದು ಬೆವರಿನಿಂದ. ನಮ್ಮ ಕಡೆ ಓಡಿಸಿ ಇಳಿದವರು ಮೊದಲು ನೀರು ಕುಡಿಯುವುದಿಲ್ಲ. ಜೀನು ಎತ್ತಿ ಕುದುರೆಯ ಬೆನ್ನು ನೋಡುತ್ತಾರೆ. ಎರಡೂ ಬದಿ ಒಂದೇ ಸಮನೆ ಒದ್ದೆಯಾಗಿದ್ದರೆ ಸಂಬಂಧ ಕೂಡಿತು. ನಡುವೆ ಎಲ್ಲಾದರೂ ಅಂಗೈಯಗಲ ಒಣಗಿದ್ದರೆ ಜೀನು ಅಲ್ಲಿ ಒತ್ತುತ್ತಿದೆ. ಈ ಬೆವರುಶಾಸ್ತ್ರದಲ್ಲಿ ಮೊಝೆಲ್ ಟೀಗ್ ಎಂಬವಳದು ಎತ್ತಿದ ಕೈ. ಅವಳು ಓಲೀಟಾಳ ಬಾಲ್ಯದ ಗೆಳತಿ. ಮೇಳದ ಓಟದಲ್ಲಿ ಬದ್ಧ ವೈರಿ. ಎರಡೂ ಕೆಲಸವನ್ನು ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದಳು.

ಆಗಸ್ಟ್ ಬಂದು, ಯಾವ ಮರದ ಜೀನೂ ಉಳಿಯದೆ ಹೋದಾಗ, ಓಲೀಟಾ ಹಲ್ಲು ಕಚ್ಚಿ ಸೊಸೆಯ ದಿಂಬಿಗೆ ಒಪ್ಪಿದಳು. ಆದರೆ ದಿಂಬಿನಲ್ಲೂ ಜಾತಿಗಳಿದ್ದವು. ಜೋಲಿನ್ ರಾತ್ರಿ ಊಟದ ಮೇಜಿನ ಮೇಲೆ ಚಿತ್ರಗಳನ್ನು ಹರಡಿಕೊಂಡಳು: ಒಂದಕ್ಕೆ ಮುಂದೆ ಗಟ್ಟಿ, ಒಂದಕ್ಕೆ ಎಲ್ಲೂ ಗಟ್ಟಿಯಿಲ್ಲ, ಒಂದರಲ್ಲಿ ಕಾಲಿಡುವ ರಿಕಾಪು ತೀರಾ ಮುಂದೆ.

"ಮರ ಇಲ್ಲ ಅಂದ್ಮೇಲೆ ಮುಗೀತಲ್ಲ," ಎಂದಳು ಓಲೀಟಾ. "ಇದ್ರಲ್ಲಿ ಇಲ್ದೇ ಇರೋದು, ಅದ್ರಲ್ಲಿ ಇಲ್ದೇ ಇರೋದಕ್ಕಿಂತ ಚೆನ್ನಾಗಿ ಇಲ್ವಾ?"

"ಇದಕ್ಕೆ ಮುಂದೆ ಹಿಂದೆ ಗಟ್ಟಿ, ನಡುವೆ ಮೆತ್ತಗೆ ಅತ್ತೆ. ಪೀಪಾಯಿ ತಿರುಗೋವಾಗ ನಿಮ್ಮನ್ನ ಹಿಡ್ಕೊಳ್ಳುತ್ತೆ. ಅಡಿಗೆ ಹಾಕೋ ಗಾದಿ ನಡುವೆ ಕಾಲುವೆ ಬಿಟ್ಟಿದಾರೆ, ಬೆನ್ನುಮೂಳೆಗೆ ಭಾರ ಬೀಳಲ್ಲ."

"ನನ್ನನ್ನ ಹಿಡ್ಕೊಳ್ಳೋಕೆ ಇನ್ನೂ ಯಾರೂ ಹುಟ್ಟಿಲ್ಲ."

"ಅದು ಗೊತ್ತು ಅತ್ತೆ," ಎಂದು ಜೋಲಿನ್ ಬೇರೇನನ್ನೋ ನುಂಗಿಕೊಂಡು ಹೇಳಿದಳು.

ಪರೀಕ್ಷೆಗೆಂದು ಜೀನು ಬಂತು. ಓಲೀಟಾ ಅದನ್ನು ಒಂದೇ ಕೈಯಲ್ಲಿ ಎತ್ತಿ, ಅಷ್ಟು ಹಗುರಾಗಿದೆಯಲ್ಲ ಎಂದು ಅದಕ್ಕೂ ಸಿಟ್ಟು ಮಾಡಿಕೊಂಡಳು. ಕುದುರೆಗೆ ಬಿಗಿದಾಗ ಬಟರ್‌ಬೀನ್ ಕಚ್ಚಲಿಲ್ಲ. ಅದಕ್ಕೆ ಇನ್ನೂ ಸಿಟ್ಟು ಬಂತು. ಜೋಲಿನ್ ಅಡುಗೆಮನೆಯ ಸ್ಟೂಲು ತಂದಿಟ್ಟಳು.

"ನೆಲದಿಂದ ಹತ್ಬೇಡಿ ಅತ್ತೆ. ಇದ್ರಲ್ಲಿ ಮರ ಇಲ್ಲ, ಇವನಿಗೆ ಹೆಗಲೂ ಇಲ್ಲ. ಒಂದೇ ಕಡೆ ಭಾರ ಬಿದ್ರೆ ಜಾರುತ್ತೆ."

"ಸ್ಟೂಲ್ ಹಾಕ್ಕೊಂಡು ಹತ್ತೋರು ಪಟ್ಟಣದೋರು. ಗಾರ್ಲಂಡ್ ಹೊಟ್ಟೇಲಿದ್ದಾಗ್ಲೂ ನಾನು ನೆಲದಿಂದ್ಲೇ ಹತ್ತಿದೋಳು."

"ಆಗ ಕುದುರೆ ಬೇರೆ ಅತ್ತೆ."

"ಹೆಂಗಸು ಅದೇ," ಎಂದು ಓಲೀಟಾ ಎಡಗಾಲನ್ನು ರಿಕಾಪಿಗೆ ಹಾಕಿ, ತನ್ನ ಘನತೆಯನ್ನೆಲ್ಲ ಅದರ ಮೇಲೆ ಹೇರಿ ಮೇಲೆದ್ದಳು.

ಮೇಲೆ ಇದ್ದದ್ದು ಎಷ್ಟು ಹೊತ್ತೋ ಯಾರಿಗೂ ತಿಳಿಯಲಿಲ್ಲ. ಜೀನು ಬೀಸುವ ಕಲ್ಲಿನಂತೆ ಸಾವಕಾಶವಾಗಿ, ಗಂಭೀರವಾಗಿ ಸುತ್ತಿ ಕುದುರೆಯ ಹೊಟ್ಟೆಯ ಕೆಳಕ್ಕೆ ಹೋಯಿತು. ಹಿಡಿದದ್ದನ್ನು ಬಿಡುವ ಅಭ್ಯಾಸವಿಲ್ಲದ ಓಲೀಟಾ ಜೊತೆಯಲ್ಲೇ ಹೋದಳು. ಬಟರ್‌ಬೀನ್ ಕಾಲುಗಳ ನಡುವೆ ತಲೆ ತೂರಿಸಿ ತನ್ನ ಯಜಮಾನಿಯನ್ನು ತಲೆಕೆಳಗಾಗಿ ನೋಡಿದ. ಆಮೇಲೆ ಹುಲ್ಲಿಗೆ ಬಾಯಿ ಹಾಕಿದ.

"ಇದನ್ನ ಈಗಿಂದೀಗ್ಲೇ ವಾಪಸ್ ಕಳ್ಸು," ಎಂದು ಕುದುರೆಯ ಹೊಟ್ಟೆಯ ಕೆಳಗಿನಿಂದ ಅಪ್ಪಣೆಯಾಯಿತು.

"ಆಯ್ತು ಅಮ್ಮ," ಎಂದ ಗಾರ್ಲಂಡ್. "ಮೊದ್ಲು ನೀನು ಹೊರಗ್ಬಾ."

ಕಳಿಸಲಿಲ್ಲ. ಮೇಳ ಹತ್ತಿರ ಬಂದಿತ್ತು, ಬೇರೆ ಜೀನು ಇರಲಿಲ್ಲ. ಮಾರನೆಯ ದಿನದಿಂದ ಓಲೀಟಾ ನೀರಿನ ತೊಟ್ಟಿಯ ಅಂಚಿನ ಮೇಲೆ ನಿಂತು ಕುದುರೆ ಹತ್ತತೊಡಗಿದಳು. (ತೊಟ್ಟಿ ಸ್ಟೂಲಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.) ಬಟರ್‌ಬೀನ್ ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ಕಿವಿ ಮುಂದಿಟ್ಟು ಓಡಿದ. ಓಲೀಟಾಳ ಮುಖದಲ್ಲಿ ನಗುವಿನಂಥದ್ದೊಂದು ಮೂಡಿತು ಎಂದು ಜೋಲಿನ್ ಇಂದಿಗೂ ಹೇಳುತ್ತಾಳೆ. ಓಲೀಟಾ ಅದು ಬಿಸಿಲಿಗೆ ಎನ್ನುತ್ತಾಳೆ.

ಆದರೆ ದಿನ ಕಳೆದಂತೆ ಅವನು ಮತ್ತೆ ಕುಸಿಯತೊಡಗಿದ. ಶನಿವಾರ ಮಧ್ಯಾಹ್ನ ಮೊಝೆಲ್‌ಳನ್ನು ಕರೆಸಿದರು. ಓಲೀಟಾ ಮೂರು ಪೀಪಾಯಿ ಸುತ್ತಿಸಿ ಇಳಿದಳು. ಜೀನು ಎತ್ತಿದರು. ಬಲಬದಿ ಪೂರ್ತಿ ಒದ್ದೆ. ಎಡಬದಿಯಲ್ಲಿ ಹಂಚಿನಗಲ ಒಣ.

"ನೋಡಿದ್ಯಾ?" ಓಲೀಟಾ ಜೋಲಿನ್ ಕಡೆ ತಿರುಗಿದಳು. ಎರಡು ತಿಂಗಳ ಸಿಟ್ಟು ಈಗ ಕಟ್ಟೆಯೊಡೆಯಿತು. "ಬೆನ್ನುಮೂಳೆ ಇಲ್ದೋರು ಮಾಡಿದ ಬೆನ್ನುಮೂಳೆ ಇಲ್ದಿರೋ ಜೀನು. ಒಂದು ಕಡೆ ಗಟ್ಟಿ ಹೊಲಿದು ಇನ್ನೊಂದು ಕಡೆ ಮರೆತಿದಾರೆ. ಹೊಯ್ಟ್ ಕೊಡ್ಸಿದ್ದು ಹಳೇದು ಅಂತ ನೀನು ಅಟ್ಟಕ್ಕೆ ಹಾಕ್ಸಿದೆ. ನಿನ್ನ ಹೊಸ ಬುದ್ಧಿಗೆ ಈ ಪ್ರಾಣಿ ಬಲಿ ಆಯ್ತು. ನನ್ನ ಓಟಾನೂ ಆಯ್ತು. ಇನ್ನು ಆ ಬೆಂಚಿನ ಮೇಲೆ ಕೂತ್ಕೊಂಡು ಬೀಸಣಿಗೆ ಬೀಸ್ತೀನಿ, ನಿಂಗೆ ತೃಪ್ತಿಯಾಗ್ಲಿ."

ಗಾರ್ಲಂಡ್ ಟೋಪಿ ತೆಗೆದು ಒಳಗೆ ನೋಡಿದ. "ಹಾಗಾದ್ರೆ ಮುಗೀತು ಅಮ್ಮ. ಹುಲ್ಲುಗಾವಲಿಗೆ ಬಿಡ್ತೀನಿ."

ಜೋಲಿನ್ ಸಾಮಾನ್ಯವಾಗಿ ಅತ್ತೆಗೆ ಎದುರಾಡುವವಳಲ್ಲ; ಆಡಿದರೂ ಮೆಲ್ಲಗೆ ಆಡುವವಳು. ಅಂದು ಅವಳ ಕಿವಿಯೂ ಕೆಂಪಾಗಿತ್ತು. ಬಟರ್‌ಬೀನ್‌ಗೆ ನೀರು ಹೊಯ್ದಳು, ಒಣಗುವವರೆಗೆ ಬೇಲಿಯ ನೆರಳಲ್ಲಿ ನಡೆದಾಡಿಸಿದಳು, ಅದೇ ಗಾದಿ ಅದೇ ಜೀನು ಬಿಗಿದಳು. "ಇನ್ನೊಂದ್ಸಲ," ಎಂದಳು. "ಈ ಸಲ ನಾನು."

ಓಡಿಸಿಕೊಂಡು ಬಂದಳು. ಇಳಿದಳು. ಮೊಝೆಲ್ ತಾನೇ ಜೀನು ಎತ್ತಿದಳು.

ಎಡಕ್ಕೂ ಬಲಕ್ಕೂ ಒಂದೇ ಬೆವರು. ಮಡಚಿದ ಕಾಗದದ ಎರಡು ಮಗ್ಗುಲಿನ ಹಾಗೆ. ಬೆನ್ನಿಗೆ ಬೆರಳೊತ್ತಿದರು, ಬಟರ್‌ಬೀನ್ ಆಕಳಿಸಿದ.

ಮೊಝೆಲ್ ಕುದುರೆಯ ಬೆನ್ನಿನಿಂದ ಕಣ್ಣು ತೆಗೆದು, ಅದೇ ಶಾಸ್ತ್ರೀಯ ಗಮನದಿಂದ, ಓಲೀಟಾಳ ಬೆನ್ನನ್ನು ನೋಡತೊಡಗಿದಳು. (ಗಾದೆಯೊಂದು ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ. ನುಂಗಿಕೊಳ್ಳಿ; ಆಕೆ ಇಲ್ಲೇ ನಿಂತಿದ್ದಾಳೆ.)

"ಕಾಲೆತ್ತು," ಎಂದಳು ಮೊಝೆಲ್.

"ನಾನೇನು ಲಾಳ ಹೊಡಿಸ್ಕೊಳ್ಳೋಕೆ ಬಂದಿದೀನಾ?"

"ಎತ್ತೇ ಮಹರಾಯ್ತಿ."

ಎಡಗಾಲಿನ ಬೂಟಿನ ಹಿಮ್ಮಡಿ ಸವೆದು ಚೂರಾಗಿತ್ತು. ಬಲಗಾಲಿನದು ಅಂಗಡಿಯಿಂದ ತಂದ ಹಾಗಿತ್ತು.

"ಯಾವತ್ತಿಂದ ಹೀಗೆ ಒಂದೇ ಕಡೆ ಕೂರ್ತಿದೀಯ ನೀನು?"

"ಒಂದೇ ಕಡೆ ಏನೂ ಇಲ್ಲ. ಎಡಗಡೆ ಪೀಪಾಯಿ ಇರುತ್ತೆ, ಎಡಗಡೆ ನೋಡ್ತೀನಿ."

"ಮೊದಲನೇ ಪೀಪಾಯಿ ಬಲಗಡೆ ಕಣೇ."

ಓಲೀಟಾ ಬೇಲಿಯ ಕಂಬವನ್ನು ನೋಡಿದಳು. ಗಾಳಿ ಆಕೆಯ ಟೋಪಿಯ ಅಂಚನ್ನು ಎತ್ತಿ ಎತ್ತಿ ಬಿಡುತ್ತಿತ್ತು. "ಹುಲ್ಲಿನ ಅಟ್ಟದ ಏಣಿಯಿಂದ ಬಿದ್ದೆ," ಎಂದಳು ಕೊನೆಗೆ, ಅದೂ ಸಿಟ್ಟಿನಲ್ಲೇ. "ಹೊಯ್ಟ್ ತೀರ್ಕೊಂಡ ವಾರ. ಮನೆ ತುಂಬ ಜನ, ಮೇಜಿನ ತುಂಬ ಅವ್ರು ತಂದ ಅಡುಗೆ. ಎಲ್ರೂ ಅವನಿಗೋಸ್ಕರ ಅಳ್ತಾ ಇದ್ರು. ಮಧ್ಯದಲ್ಲಿ ಹೋಗಿ ಸೊಂಟ ಅಂತ ಹೇಳ್ಲಾ?"

ಜೋಲಿನ್ ಕಣ್ಣು ಒರೆಸಿಕೊಂಡದ್ದನ್ನು ಓಲೀಟಾ ಕಂಡೂ ಕಾಣದಂತಿದ್ದಳು. ಹೊಯ್ಟ್‌ನ ಗುಲಾಬಿ ಜೀನು, ಪಾಪ, ಗಟ್ಟಿ ಮರದ್ದು. ಇಷ್ಟು ವರ್ಷ ಆಕೆಯ ಓರೆಯನ್ನು ಯಾರ ಕಣ್ಣಿಗೂ ಬೀಳದಂತೆ ಒಳಗೇ ಹೊತ್ತುಕೊಂಡಿತ್ತು. ಈ ಮೆತ್ತನೆಯದು ಚಾಡಿಕೋರ. ಮೇಲೆ ಕೂತವರ ಗುಟ್ಟನ್ನೆಲ್ಲ ಕುದುರೆಯ ಬೆನ್ನ ಮೇಲೆ ಬರೆದಿಟ್ಟುಬಿಟ್ಟಿತು.

ಅಷ್ಟರಲ್ಲಿ ಧೂಳೆಬ್ಬಿಸುತ್ತ ಒಂದು ಟ್ರಕ್ಕು ಬಂತು. ಆಮೋಸ್. ಕೌಂಟಿಯ ಕುದುರೆಗಳಿಗೆಲ್ಲ ಬೆನ್ನು, ಕುತ್ತಿಗೆ, ಸೊಂಟ ನೆಟ್ಟಗೆ ಮಾಡಿಕೊಡುವ ಬಾಗಿಲಗಲದ ಆಸಾಮಿ. ಕೊನೆಯ ಪ್ರಯತ್ನವೆಂದು ಗಾರ್ಲಂಡ್ ಬೆಳಿಗ್ಗೆ ಅವನಿಗೆ ಹೇಳಿಕಳಿಸಿದ್ದ. ಆಮೋಸ್ ಬಟರ್‌ಬೀನ್‌ನ ಬೆನ್ನುದ್ದಕ್ಕೂ ಹೆಬ್ಬೆರಳು ಎಳೆದು, ಬಾಲ ಹಿಡಿದು ಜಗ್ಗಿ ನೋಡಿದ.

"ಇವನ ಮೂಳೆಗೆ ಏನೂ ಆಗಿಲ್ವಲ್ಲ. ಸುಮ್ನೆ ಬಂದ ಹಾಗಾಯ್ತು."

ಮೂವರೂ ಓಲೀಟಾಳನ್ನು ನೋಡಿದರು.

"ಆಗಲ್ಲ," ಎಂದಳು ಓಲೀಟಾ. "ನಾನು ಮನುಷ್ಯಳು."

"ಅದಿನ್ನೂ ತೀರ್ಮಾನ ಆಗಿಲ್ಲ," ಎಂದಳು ಮೊಝೆಲ್.

ಆಮೋಸ್ ಎರಡು ಹೆಜ್ಜೆ ಹಿಂದೆ ಸರಿದ. "ನಾನು ಮನುಷ್ಯರನ್ನ ಮುಟ್ಟಲ್ಲ ಓಲೀಟಕ್ಕ. ಅವ್ರು ಮಾತಾಡ್ತಾರೆ."

"ಅತ್ತೆ ಮಾತಾಡಲ್ಲ," ಎಂದಳು ಜೋಲಿನ್. ಆ ಧೈರ್ಯ ಎಲ್ಲಿಂದ ಬಂತೋ. ಓಲೀಟಾಳ ಮುಂದೆ ಬಂದು ನಿಂತಳು. "ನೋಡಿ ಅತ್ತೆ. ಜೀನು ಕೂಡಿದೆ, ಕುದುರೆ ಸರಿಯಿದಾನೆ. ನೀವು ನೆಟ್ಟಗಾದ್ರೆ ಮೇಳದಲ್ಲಿ ನೀವೇ ಓಡ್ಸಿ, ಗೇಟಿನ ತನಕ ನಾನೇ ಲಗಾಮು ಹಿಡ್ಕೊಂಡು ಬರ್ತೀನಿ. ಆಗಲ್ಲ ಅಂದ್ರೆ ಇವನ್ನ ನಾನು ಓಡಿಸ್ತೀನಿ, ನೀವು ಚಪ್ಪರದಲ್ಲಿ ಕೂತು ನೋಡಿ."

"ನಿಂಗೆ ನರೆ ಬಂದಿಲ್ಲ. ನಮ್ಮ ಓಟಕ್ಕೆ ನಿನ್ನ ಸೇರ್ಸಲ್ಲ."

"ನಿಮ್ಮ ಜೊತೆ ಇನ್ನೊಂದು ವಾರ ಇದ್ರೆ ಬರುತ್ತೆ."

ಮೊಝೆಲ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಓಲೀಟಾ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು, ಬೆನ್ನುಮೂಳೆ ಇದೆ ಎಂದು ಇವತ್ತೇ ಕಂಡವಳ ಹಾಗೆ. ಆಮೇಲೆ ಗೊಣಗುತ್ತ, ಎಡಕ್ಕೆ ವಾಲುತ್ತ, ಕುದುರೆ ಕಟ್ಟುವ ಕಂಬದ ಬಳಿಗೆ ನಡೆದು ಎರಡೂ ಕೈಯಲ್ಲಿ ಅದನ್ನು ಅಪ್ಪಿ ಹಿಡಿದಳು. ಆಮೋಸ್ ಅಂಗೈಗೆ ಅಂಗೈ ಉಜ್ಜಿ, ದೂರದಿಂದಲೇ ಒಂದು ಸುತ್ತು ಹಾಕಿ, ಹಿಂದಿನಿಂದ ಬಂದ. ಆಕೆಯ ಕತ್ತಿನ ನರ ಬಿಗಿಯುವುದು ಕಾಣಿಸಿತು.

ಜೋಲಿನ್ ಹತ್ತಿರ ಬಂದು ಮೆಲ್ಲಗೆ ಅತ್ತೆಯ ತಲೆಯ ಮೇಲಿನ ಟೋಪಿ ತೆಗೆದುಕೊಂಡಳು. ಕಿವಿಯ ಬಳಿ ಬಗ್ಗಿದಳು.

"ಇನ್ನೊಂದೇ ಮಾತು ಅತ್ತೆ. ಆಮೋಸ್‌ಗೆ ಚಿಕ್ಕ ಮಕ್ಕಳಿದಾರೆ. ಒದೀಬೇಡಿ."