ಮಾವನ ತುತ್ತೂರಿ ಕಚೇರಿ

ಕಪ್ಪು ರೆಕಾರ್ಡಿನ ನಡುವೆ ಅಂಟಿಸಿದ ಹಸಿರು ಕಾಗದದ ಮೇಲೆ, ರಂಧ್ರದಿಂದ ಒಂದು ಬೆರಳು ಮೇಲಕ್ಕೆ, ಕುಂಕುಮದ ಬೊಟ್ಟು.

ಜ್ಯಾಜ್ ಸಂಗೀತಕ್ಕೆ ಕುಂಕುಮ ಇಟ್ಟವರು ಪ್ರಪಂಚದಲ್ಲಿ ಒಬ್ಬರೇ ಇರಬೇಕು: ನನ್ನ ಸೋದರತ್ತೆಯ ಗಂಡ! ಓದಲೆಂದು ರಾಜಾಜಿನಗರದ ಅವರ ಮನೆಯಲ್ಲಿದ್ದ ನಾನೇ ಸಾಕ್ಷಿ. ಮನೆಗೆ ಹೊಸದಾಗಿ ಏನು ಬರಲಿ, ಅದು ಇಕ್ಕಳವೇ ಆಗಿರಲಿ, ಬೊಟ್ಟಿಡದೆ ಮಾವ ಬಳಸುತ್ತಿರಲಿಲ್ಲ.

ಇಂಗ್ಲೆಂಡಿಗೆ ಹೊರಟ ಆಂಗ್ಲೋ ಇಂಡಿಯನ್ ಸಹೋದ್ಯೋಗಿಯೊಬ್ಬರು ತಮ್ಮ ಗ್ರಾಮಫೋನನ್ನೂ ರೆಕಾರ್ಡುಗಳನ್ನೂ ಮಾವನಿಗೆ ಕೊಟ್ಟುಹೋಗಿದ್ದರು. ಕೀಲಿ ಕೊಟ್ಟು ಮುಳ್ಳಿಟ್ಟರೆ ತುತ್ತೂರಿ, ಕ್ಲಾರಿನೆಟ್, ಡ್ರಮ್ಮು ಎಲ್ಲ ಒಟ್ಟಿಗೆ ಜಗಳಕ್ಕೆ ಬಿದ್ದವು. ಮಾವ ಚಾಪೆಯ ಮೇಲೆ ಕುಳಿತು ತೊಡೆ ತಟ್ಟಿ ತಾಳ ಹಾಕಿದರು.

“ಆದಿತಾಳವೇ ಕಣಮ್ಮಾ! ಆದ್ರೆ ಇವ್ರು ಹೊಡೀಬೇಕಾದ ಕಡೆ ಸುಮ್ನಿದ್ದು, ಸುಮ್ನಿರಬೇಕಾದ ಕಡೆ ಹೊಡೀತಾರೆ.”

“ತಪ್ಪಲ್ವಾ ಮಾವ?”

“ತಪ್ಪಾದ್ರೆ ಎಲ್ರೂ ಒಟ್ಟಿಗೆ ಇಷ್ಟು ಸರಿಯಾಗಿ ತಪ್ತಾರೇನು?”

ನಾನು ಪಾಠಕ್ಕೆ ಮರಳಿದೆ. ಕಣ್ಣು ಪುಸ್ತಕದ ಮೇಲಿತ್ತು, ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ಈ ಹುಚ್ಚು ಜೀವಮಾನಕ್ಕೆ ಅಂಟಿತೆಂದು ಅಂದೇ ಗೊತ್ತಾಯಿತು. ಪಕ್ಕದ ಮನೆಯವರು ಮಾತ್ರ ಕಾಂಪೌಂಡಿನಾಚೆಯಿಂದ, “ಏನ್ ಸ್ವಾಮಿ, ವಾಲಗದೋರನ್ನ ಆಗ್ಲೇ ಕರೆಸಿಬಿಟ್ರಾ? ಹುಡುಗಿಗೆ ಗಂಡು ಗೊತ್ತಾಯ್ತಾ?” ಎಂದು ನನ್ನನ್ನೇ ನೋಡುತ್ತ ಕೇಳಿದರು.

ನಗದವರು ಅತ್ತೆಯೊಬ್ಬರೇ. ಮದುವೆಯಾದಾಗಿನಿಂದ ಅವರು ಸಂಜೆ ವೀಣೆ ನುಡಿಸುವುದು, ಮಾವ ಎದುರು ಕುಳಿತು ತಾಳ ಹಾಕುವುದು ನಡೆದುಬಂದಿತ್ತು. ಈಗ ಮಾವನ ಚಾಪೆ ಗ್ರಾಮಫೋನಿನ ಮುಂದೆ!

“ನನ್ನ ವೀಣೆ ಸಪ್ಪೆ ಆಗೋಯ್ತು. ಆ ಪೆಟ್ಟಿಗೆ ಇರೋವರೆಗೂ ನಾನು ಮುಟ್ಟಲ್ಲ,” ಎಂದು ಅತ್ತೆ ವೀಣೆಗೆ ಗವಸು ಹಾಕಿದರು. ಸಾರು ಬಡಿಸುವುದು ನಡೆಯಿತು, ಮಾತು ನಿಂತಿತು. ಪೆಟ್ಟಿಗೆಯೂ ಇರಬೇಕು, ವೀಣೆಯೂ ನುಡಿಯಬೇಕು ಎಂಬುದು ನನ್ನ ಆಸೆ. ಮಾವನಂಥ ಒಳ್ಳೆಯ ಮನುಷ್ಯ ಇಷ್ಟು ಕಲ್ಲಾದದ್ದು ಹೇಗೆ?

ಒಂದು ಭಾನುವಾರ ಮಧ್ಯಾಹ್ನ ದಂಡು ಪ್ರದೇಶದ ಒಂದು ಸಭಾಂಗಣದಲ್ಲಿ ಜ್ಯಾಜ್ ಇದೆಯೆಂದು ತಿಳಿದು ಮಾವ ನನ್ನನ್ನೂ ಹೊರಡಿಸಿದರು. ಪೇಟ, ಕೋಟು, ಉತ್ತರೀಯ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಮುಂದಿನ ಸಾಲಿನಲ್ಲಿ ಕುಳಿತರು. ವಾದ್ಯ ಶುರುವಾಗುತ್ತಲೇ ಜೋಡಿಗಳೆದ್ದು ಕುಣಿಯತೊಡಗಿದವು.

“ವಿದ್ವಾಂಸರಿಗೆ ಬೆನ್ನು ತೋರಿಸ್ತಾರಲ್ಲ! ಮರ್ಯಾದೆ ಬೇಡ್ವಾ?”

ತುತ್ತೂರಿಯವನು ಒಂಟಿಯಾಗಿ ನುಡಿಸಿ ಮುಗಿಸಿದಾಗ ಮಾವ “ಭಲೇ!” ಎಂದು ಗುಡುಗಿದರು. ಕುಣಿಯುತ್ತಿದ್ದವರು ನಿಂತೇಬಿಟ್ಟರು. ಕೊನೆಗೆ ವಿದ್ವಾಂಸರನ್ನು ಬರಿಗೈಯಲ್ಲಿ ಕಳಿಸಲಾದೀತೇ? ಚೀಲದಿಂದ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಹೊರಬಂದವು. ತುತ್ತೂರಿಯವನು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇದನ್ನು ಬಾರಿಸುವುದು ಹೇಗೆಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ!

ಹಿಂದಿರುಗುವಾಗ ಬಸ್ಸಿನಲ್ಲಿ ಧೈರ್ಯ ಮಾಡಿ ಕೇಳಿದೆ: “ಅತ್ತೆ ವೀಣೆ ನಿಮಗೆ ಬೇಡವಾಯ್ತಾ ಮಾವ?” ಎರಡು ಸಲ ಕೇಳಬೇಕಾಯಿತು. ಬಸ್ಸಿನ ಸದ್ದಿಗೆ ಎಂದುಕೊಂಡೆ.

ಮಾವ ಕಿಟಕಿಯಾಚೆ ನೋಡಿದರು.

“ಅವಳು ಮೀಟೋದು ಕಾಣುತ್ತೆ ಕಣಮ್ಮಾ, ಕೇಳಲ್ಲ. ಬೆರಳು ನೋಡ್ಕೊಂಡು ತಾಳ ಹಾಕ್ತಿದ್ದೆ. ಒಂದಿನ ಕಣ್ಣು ಮುಚ್ಚಿಬಿಟ್ಟೆ. ಕಣ್ಣು ಬಿಟ್ಟಾಗ ಅವಳು ಎದ್ದು ಒಳಗೆ ಹೋಗಾಗಿತ್ತು, ನಾನಿನ್ನೂ ತಾಳ ಹಾಕ್ತಾ ಇದ್ದೆ. ಈ ತುತ್ತೂರಿ ಒಂದು ನನಗೆ ಪೂರ್ತಿ ಕೇಳುತ್ತೆ. ಅವಳಿಗೆ ಹೇಳ್ಬೇಡ. ಕೋಪ ಆದ್ರೆ ಇಳಿಯುತ್ತೆ, ಇದು ಗೊತ್ತಾದ್ರೆ ಅಳ್ತಾಳೆ.”

ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಮರುದಿನ ಬೆಳಿಗ್ಗೆ, ಮಾವ ಸ್ನಾನಕ್ಕೆ ಹೋದಾಗ, ಅಡುಗೆಮನೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಒಲೆಯ ಮೇಲೆ ಹಾಲು ಉಕ್ಕುವುದನ್ನು ಅವರು ನೋಡುತ್ತಲೇ ನಿಂತರು. ಪಾತ್ರೆ ಕೆಳಗಿಳಿಸಿ ನಡುಮನೆಗೆ ಬಂದೆ. ವೀಣೆಯ ಗವಸು ಬಿಚ್ಚಿ, ಮಾವನ ಚಾಪೆಯನ್ನು ಮೀಟಿದಾಗ ಕಂಪಿಸುವ ಅದರ ಕೊಡಕ್ಕೆ ಅಂಗೈ ತಾಗುವಷ್ಟು ಹತ್ತಿರ ಎಳೆದು ಹಾಸಿದೆ.